ಲೊಕೇಲಮ್ಮ

ಜನನ ನೋಂದಣಿ ಕಚೇರಿಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ನಮ್ಮ ಲೊಕೇಲಮ್ಮನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಆದರೆ ಅದನ್ನು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ. ಬೆಳಿಗ್ಗೆ ಬಂದವರೇ ಹೆಗಲ ಚೀಲವನ್ನೂ ಕೆಳಗಿಡದೆ ಒಂದೊಂದು ಕಂಪ್ಯೂಟರಿನ ಮುಂದೂ ನಿಂತು, ಕಪ್ಪು ಪರದೆ ತೆರೆದು, ‘ಲೊಕೇಲ್’ ಎಂಬ ಒಂದೇ ಪದ ಕುಟ್ಟುತ್ತಾರೆ. ಹಾಗೆಂದರೆ, ನಿನ್ನ ಭಾಷೆ ಯಾವುದು, ತಾರೀಖನ್ನು ಯಾವ ನಾಡಿನ ಕ್ರಮದಲ್ಲಿ ಬರೆಯುತ್ತೀಯ, ಹೆಸರುಗಳನ್ನು ಯಾವ ಅಕಾರಾದಿಯಲ್ಲಿ ಜೋಡಿಸುತ್ತೀಯ ಎಂದು ಯಂತ್ರವನ್ನೇ ಕೇಳಿದಂತೆ. ಬಂದ ಉತ್ತರವನ್ನು ಮೇಷ್ಟ್ರು ಹಾಜರಿ ಕೂಗಿದ ಹಾಗೆ ಗಟ್ಟಿಯಾಗಿ ಓದುತ್ತಾರೆ: “ಭಾಷೆ, ಕನ್ನಡ. ತಾರೀಖು, ಕನ್ನಡ. ಅಕಾರಾದಿ... ಎಲ್ಲಿಗೆ ಹೋದೆಯಪ್ಪಾ ನೀನು?” ಮೌಸ್ ಮುಟ್ಟುವುದಿಲ್ಲ, “ಇಲಿ ಹಿಡಿಯೋಕೆ ನಾನೇನು ಬೆಕ್ಕಾ?” ಸೆಟ್ಟಿಂಗ್ಸ್ ಪುಟದಲ್ಲೇ ಕನ್ನಡ ಅಂತ ಇದೆಯಲ್ಲ ಎಂದು ಗುಮಾಸ್ತರು ಗೊಣಗಿದರೆ, “ಬೋರ್ಡ್ ನೋಡಿ ಅಂಗಡಿ ನಂಬ್ತೀರಾ? ಒಳಗೆ ಹೋಗಿ ಕೇಳ್ಬೇಕು ರೀ” ಎನ್ನುತ್ತಾರೆ. ಹಲ್ಲು ಕೀಳಿಸಿಕೊಂಡ ದಿನ ಬಾಯಿ ತುಂಬ ಹತ್ತಿ ಇಟ್ಟುಕೊಂಡೇ ಕಚೇರಿಗೆ ಫೋನ್ ಮಾಡಿ, “ಯೊಕೇಯ್ ನೋಡಿದ್ಯಾ?” ಎಂದು ವಿಚಾರಿಸಿದ್ದರು. ಇಷ್ಟೆಲ್ಲ ಏಕೆಂಬುದು ಅವರ ಮೇಜಿನ ಹಿಂದಿನ ಗೋಡೆ ನೋಡಿದರೆ ತಿಳಿಯುತ್ತದೆ. ಅಲ್ಲಿ ಕಟ್ಟು ಹಾಕಿಸಿದ ಹಳೆಯ ಜನನ ಪತ್ರವೊಂದಿದೆ. ಮಗುವಿನ ಹೆಸರಿನ ಜಾಗದಲ್ಲಿ ಐದು ಪ್ರಶ್ನಾರ್ಥಕ ಚಿಹ್ನೆಗಳು ಅಚ್ಚಾಗಿವೆ. ಕನ್ನಡ ಬಾರದ ಯಂತ್ರ ಹೆಸರು ಬರೆಯುವುದೇ ಹಾಗೆ. “ಯಾರದಮ್ಮ ಇದು?” ಎಂದು ಯಾರಾದರೂ ಕೇಳಿದರೆ ಲೊಕೇಲಮ್ಮ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ: “ನನ್ನ ಮಗಳದು. ಅವಳಾದ್ಮೇಲೆ ಈ ಕೌಂಟರಿಂದ ಒಂದೇ ಒಂದು ಮಗು ಪ್ರಶ್ನೆಯಾಗಿ ಮನೆಗೆ ಹೋಗಿಲ್ಲ.”