ಶುಕ್ರವಾರದ ಅಕ್ಕ

ಹೋದ ತಿಂಗಳು ಮೈಸೂರಿನ ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯ ಹುಡುಗಿಗೆ ನೆಗಡಿಯಾಗಿತ್ತು. ಊರಿನಿಂದ ಅವಳನ್ನು ನೋಡಲು ಬಂದಿದ್ದ ಅಜ್ಜಿ ಅರಿಶಿನದ ಕೊಂಬನ್ನು ದೀಪದಲ್ಲಿ ಸುಟ್ಟು, ಅದರ ಹೊಗೆಯನ್ನು ಮೊಮ್ಮಗಳ ಮೂಗಿಗೆ ಹಿಡಿದರು. ಹೊಗೆ ಕಾರಿಡಾರಿನ ಉದ್ದಕ್ಕೂ ಹರಡಿ ನನ್ನ ಮೇಜಿನವರೆಗೆ ಬಂತು. ನಾನು ಪುಸ್ತಕ ಮುಚ್ಚಿ ಹೊರಗೆ ಹೋದೆ. ಎಲ್ಲರಿಗೂ ಅದು ನೆಗಡಿಯ ಔಷಧದ ವಾಸನೆ. ನನಗೆ ಅದು ರಾಜಾಜಿನಗರದ ನಮ್ಮ ಪಕ್ಕದ ಮನೆಯ ಅಕ್ಕನ ಮುಖಕ್ಕೆ ಶುಕ್ರವಾರಗಳಲ್ಲಿ ಹಿಡಿಯುತ್ತಿದ್ದ ವಾಸನೆ. ಹಿಡಿದವರ ಮೇಲೆ ಅಂದು ಬಂದ ಸಿಟ್ಟು ಇಷ್ಟು ವರ್ಷವಾದರೂ ಇಳಿದಿಲ್ಲ. ಓದುತ್ತಾ ಹೋದಂತೆ ಏರಿದೆ.

ಆಗ ನನಗೆ ಹದಿಮೂರು. ರಾಜಾಜಿನಗರ ಇನ್ನೂ ಹುಟ್ಟುತ್ತಿತ್ತು. ಒಂದೇ ಅಚ್ಚಿನ ಸಾಲು ಮನೆಗಳು, ನೆರಳಿಲ್ಲದ ಕೆಂಪು ಮಣ್ಣಿನ ಬೀದಿಗಳು, ಸಾಲು ಮುಗಿದ ಕಡೆ ರಾಗಿ ಹೊಲ. ಬೀದಿಗೊಂದು ನಲ್ಲಿ. ಬೇರೆ ಬೇರೆ ಊರುಗಳಿಂದ ಬಂದು ಸೇರಿದ್ದ ಹೆಂಗಸರಿಗೆ ಪರಸ್ಪರ ಪರಿಚಯವಾಗಿದ್ದು ಆ ನಲ್ಲಿಯ ಹತ್ತಿರವೇ. ಯಾರ ಮನೆಯವರು ಎಂಥವರು ಎಂಬ ತೀರ್ಮಾನಗಳೂ ಅಲ್ಲೇ ಆಗುತ್ತಿದ್ದವು.

ಅಕ್ಕನ ವಿಷಯದಲ್ಲಿ ತೀರ್ಮಾನ ಬೇಗ ಆಯಿತು. ಅವಳಿಗೆ ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮುಟ್ಟಿದರೆ ಬೆಚ್ಚುತ್ತಿದ್ದಳು. ಗಂಟೆಯ ಸದ್ದು ಕೇಳಿದರೆ ಎರಡೂ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದಳು. ಜಗಲಿಯ ಮೇಲೆ ಹುಣಸೆ ಬೀಜಗಳನ್ನು ಸಾಲಾಗಿ ಜೋಡಿಸುತ್ತಾ ಬೆಳಗು ಕಳೆಯುತ್ತಿದ್ದಳು. ಅವಳ ಲೋಟ ಗೂಡಿನಲ್ಲಿ ಇದ್ದ ಜಾಗದಲ್ಲಿ ಇಲ್ಲದಿದ್ದರೆ, ಅದು ಮತ್ತೆ ಅಲ್ಲಿಗೆ ಬರುವವರೆಗೂ ಕೂಗುತ್ತಿದ್ದಳು. ಮಾತು ಬರುತ್ತಿತ್ತು, ಆದರೆ ಹೆಚ್ಚಾಗಿ ಬೇರೆಯವರ ಮಾತು. ತರಕಾರಿಯವಳ ಕೂಗು, ಬಸ್ಸಿನ ಕಂಡಕ್ಟರನ ಗದರಿಕೆ... ಎಂದೋ ಕೇಳಿದ್ದನ್ನು ಇನ್ನೆಂದೋ, ಅದೇ ದನಿಯಲ್ಲಿ, ಅದೇ ಏರಿಳಿತದಲ್ಲಿ ಹೇಳುತ್ತಿದ್ದಳು. ಇಂಥ ಮಕ್ಕಳ ಬಗ್ಗೆ ಹೊರದೇಶದ ಡಾಕ್ಟರುಗಳು ಈಚೆಗೆ ಬರೆಯುತ್ತಿದ್ದಾರೆ, ಆ ಸ್ವಭಾವಕ್ಕೆ ಆಟಿಸಂ ಎಂದು ಹೆಸರಿಟ್ಟಿದ್ದಾರೆ ಎಂಬುದನ್ನು ನಾನು ಓದಿದ್ದು ಎಷ್ಟೋ ಆಮೇಲೆ, ಕಾಲೇಜಿನ ಲೈಬ್ರರಿಯಲ್ಲಿ. ನಮ್ಮ ಬೀದಿ ಇಟ್ಟಿದ್ದ ಹೆಸರು ಹುಚ್ಚಿ. ಅವಳ ತಾಯಿಯನ್ನು ಯಾರೂ ಅರಿಶಿನ ಕುಂಕುಮಕ್ಕೆ ಕರೆಯುತ್ತಿರಲಿಲ್ಲ. ಅವರು ನಲ್ಲಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಎಲ್ಲರ ಕೊಡ ತುಂಬುವವರೆಗೂ ಅವರು ದೂರ ನಿಂತು ಕಾಯುತ್ತಿದ್ದರು.

ನನಗೆ ಅಕ್ಕನ ಜೊತೆ ಇರುವುದು ಸುಲಭವಾಗಿತ್ತು. ನನಗೂ ಮಾತು ಕಡಿಮೆ. ನಾನು ಲೆಕ್ಕ ಮಾಡುತ್ತಿದ್ದರೆ ಅವಳು ಒಂದು ಮೊಳ ದೂರದಲ್ಲಿ ಬೀಜ ಜೋಡಿಸುತ್ತಾ ಕೂತಿರುತ್ತಿದ್ದಳು. ಆಗಾಗ ಅವಳಿಗೆ ಬರುತ್ತಿದ್ದ ಒಂದು ವಿಚಿತ್ರ ಗಳಿಗೆಯನ್ನು ನಾನು ಹತ್ತಿರದಿಂದ ಕಂಡದ್ದು ಹಾಗೆ. ಇದ್ದಕ್ಕಿದ್ದ ಹಾಗೆ ಕೈ ನಿಲ್ಲುತ್ತಿತ್ತು. ಕಣ್ಣು ಎಲ್ಲೋ ನೆಡುತ್ತಿತ್ತು. ತುಟಿ ಏನನ್ನೋ ಚಪ್ಪರಿಸುತ್ತಿತ್ತು, ಬೆರಳುಗಳು ಸೆರಗನ್ನು ಹಿಂಜುತ್ತಿದ್ದವು. ಕರೆದರೆ ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ವಾಪಸು ಬಂದು, ದಣಿದವಳಂತೆ ಗೋಡೆಗೆ ಒರಗುತ್ತಿದ್ದಳು.

ಒಂದು ಸಲ ಕೇಳಿದೆ. "ಅಕ್ಕಾ, ಆಗ ಏನಾಗುತ್ತೆ?"

ಅವಳು ಬೀಜಗಳನ್ನೇ ನೋಡುತ್ತಾ ಹೇಳಿದಳು. "ಹೊಟ್ಟೆಯಿಂದ ಮೇಲೆ ಬರುತ್ತೆ. ಬೀದಿ ಚಿಕ್ಕದಾಗುತ್ತೆ. ನೀನು ದೂರ ಹೋಗ್ತೀಯ. ನಿನ್ ಬಾಯಿ ಆಡ್ತಿರುತ್ತೆ, ಮಾತು ಇರಲ್ಲ. ಎಲ್ಲಾ ಮುಂಚೇನೇ ಆಗ್ಹೋಗಿರುತ್ತೆ."

"ಭಯ ಆಗುತ್ತಾ?"

"ಬೇಡ," ಎಂದಳು. ಮತ್ತೆ ಮತ್ತೆ ಹೇಳಿದಳು. "ಬೇಡ, ಬೇಡ."

ಅವಳು ನನಗೆ ತನ್ನದೇ ದನಿಯಲ್ಲಿ ಹೇಳಿದ ಅತಿ ಉದ್ದದ ಮಾತು ಅದು. ಮೂರ್ಛೆರೋಗದ ಬಗೆಗಳನ್ನು ವಿವರಿಸುವ ವೈದ್ಯಪುಸ್ತಕವೊಂದರಲ್ಲಿ ಅದೇ ಚಿತ್ರವನ್ನು ನಾನು ಆಮೇಲೆ ಕಂಡೆ. ಹೊಟ್ಟೆಯಿಂದ ಏಳುವ ಅಲೆ, ದೂರ ಸರಿಯುವ ಲೋಕ, ಹಿಂದೆಯೇ ನಡೆದುಹೋದಂತೆ ಕಾಣುವ ಕ್ಷಣ. ಬಿದ್ದು ಒದ್ದಾಡದೆಯೂ ಮೂರ್ಛೆ ಬರಬಹುದು ಎಂದು ಅದರಲ್ಲಿತ್ತು. ಅಕ್ಕನ ಸ್ವಭಾವ ಬೇರೆ, ಈ ಕಾಯಿಲೆ ಬೇರೆ. ಎರಡೂ ಒಂದೇ ಮೈಯಲ್ಲಿದ್ದವು. ನಮ್ಮ ಬೀದಿಗೆ ಅಷ್ಟು ವ್ಯತ್ಯಾಸ ನೋಡುವ ತಾಳ್ಮೆ ಇರಲಿಲ್ಲ.

ಯುಗಾದಿ ಕಳೆದ ಮೇಲೆ ಎದುರುಮನೆಯಾಕೆಯ ಮೂಗುಬೊಟ್ಟು ಕಳೆಯಿತು. ಹೆಂಗಸರೆಲ್ಲ ನಲ್ಲಿಯ ಸುತ್ತ ಬಗ್ಗಿ ಹುಡುಕುತ್ತಿದ್ದರು. ಅಕ್ಕ ಅಲ್ಲೇ ನಿಂತಿದ್ದಳು. ಅವಳ ಕಣ್ಣು ನೆಟ್ಟಿತು, ತುಟಿ ಆಡಿತು. ಆಮೇಲೆ ದಪ್ಪ ಗಂಡುದನಿಯಲ್ಲಿ ಕೂಗಿದಳು. "ಕಲ್ಲೆತ್ತಿ ನೋಡ್ರೋ! ಏಯ್, ಕಲ್ಲೆತ್ತಿ ನೋಡ್ರೋ!"

ಯಾರೋ ಒಗೆಯುವ ಕಲ್ಲನ್ನು ಎತ್ತಿದರು. ಮೂಗುಬೊಟ್ಟು ಅದರ ಕೆಳಗೇ ಇತ್ತು.

"ಅಯ್ಯೋ ಶಿವನೇ, ಗಂಡುದನಿ ಕಣ್ರೀ!"

"ದೇವಿ ಮೈಮೇಲೆ ಬಂದಿದಾಳೆ ಕಣೇ. ಕಣ್ಣು ನೋಡು, ಕಣ್ಣು!"

ಹಿಂದಿನ ವಾರ ನೀರು ಸೋರುತ್ತಿದೆಯೆಂದು ಪೈಪು ಅಗೆಯಲು ಬಂದಿದ್ದ ಮೇಸ್ತ್ರಿ, ಅದೇ ಜಾಗದಲ್ಲಿ ನಿಂತು ಕೂಲಿಯವರಿಗೆ ಅದೇ ಮಾತನ್ನು ದಿನವಿಡೀ ಕೂಗಿದ್ದ. ಅಕ್ಕ ಜಗಲಿಯಲ್ಲಿ ಕೂತು ಕೇಳಿದ್ದಳು. ನಾನೂ ಕೇಳಿದ್ದೆ. ಅದನ್ನು ಅಲ್ಲಿಯೇ ಹೇಳಿದೆ.

"ಬಾಯ್ಮುಚ್ಕೊಂಡಿರೇ," ಎಂದರು ನನ್ನ ತಾಯಿ. "ನಾಲ್ಕಕ್ಷರ ಕಲ್ತಿದ್ದಕ್ಕೆ ದೇವರ ಮುಂದೇನೂ ವಾದಾನಾ?"

ಆ ಶುಕ್ರವಾರ ಹೆಂಗಸರು ನಿಂಬೆಹಣ್ಣು, ಹೂವು, ಬಳೆ ಹಿಡಿದು ಅಕ್ಕನ ಮನೆಗೆ ಹೋದರು. ಅಲ್ಲಿಂದ ಪ್ರತಿ ಶುಕ್ರವಾರವೂ ಹೋದರು. ಅವಳನ್ನು ಮಣೆಯ ಮೇಲೆ ಕೂರಿಸಿ, ಹಣೆ ತುಂಬ ಕುಂಕುಮ ಬಳಿದು, ಕಿವಿಯ ಹತ್ತಿರವೇ ಗಂಟೆ ಬಾರಿಸುತ್ತಿದ್ದರು. ಅವಳು ಕಿವಿ ಮುಚ್ಚಿಕೊಂಡರೆ ಕೈ ಬಿಡಿಸುತ್ತಿದ್ದರು. ದೇವಿ ಬರುವುದು ತಡವಾದರೆ ಅರಿಶಿನದ ಕೊಂಬು ಸುಟ್ಟು ಹೊಗೆ ಹಿಡಿಯುತ್ತಿದ್ದರು. ಗದ್ದಲಕ್ಕೋ ಉಸಿರು ಕಟ್ಟಿಯೋ ಭಯಕ್ಕೋ, ಅವಳಿಗೆ ಆ ಗಳಿಗೆ ಬಂದೇ ಬರುತ್ತಿತ್ತು. ಆಗ ಪ್ರಶ್ನೆಗಳು ಶುರು.

"ನಮ್ಮೆಜಮಾನ್ರಿಗೆ ವರ್ಗ ಆಗುತ್ತಾ ತಾಯಿ?"

"ಹಾಗೇ ನಮ್ಮತ್ತೆ ಊರಿಗೆ ಯಾವಾಗ ಹೊರಡ್ತಾರೆ ಅಂತಾನೂ ಕೇಳ್ರೀ," ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರೆ ನಗು.

ನನ್ನ ತಾಯಿ ನನ್ನ ಮದುವೆಯ ಬಗ್ಗೆ ಕೇಳಿದರು. "ಈ ಪುಸ್ತಕದ ಹುಳೂಗೆ ಗಂಡು ಸಿಗುತ್ತಾ ತಾಯಿ?"

ಅಕ್ಕ ಹೇಳಿದಳು. "ಟಿಕೆಟ್, ಟಿಕೆಟ್. ಒಳಗೆ ನಡೀರಿ, ಜಾಗ ಇದೆ."

"ನೋಡಿದ್ರಾ? ದೂರದೂರಿಂದ ಬಸ್ಸಲ್ಲಿ ಬರ್ತಾನೆ, ಮನೆ ಕಡೆ ಅನುಕೂಲವಾಗಿದಾರೆ," ಎಂದು ನನ್ನ ತಾಯಿ ಕಣ್ಣೊರೆಸಿಕೊಂಡರು. ಅಷ್ಟು ಜನ ಅಷ್ಟು ಪ್ರಶ್ನೆ ಕೇಳಿದರು. ನಿನಗೇನಾಗುತ್ತಿದೆಯಮ್ಮ ಎಂದು ಒಬ್ಬರೂ ಕೇಳಲಿಲ್ಲ.

ಅಕ್ಕನ ತಾಯಿ ಮಾತ್ರ ಬದಲಾದರು. ಈಗ ಅವರು ನಲ್ಲಿಗೆ ಬಂದರೆ ದಾರಿ ಬಿಡುತ್ತಿದ್ದರು. ಮೊದಲ ತಾಂಬೂಲ ಅವರಿಗೆ. ಅವರು ನಗುವುದನ್ನು ನಾನು ನೋಡಿದ್ದು ಆಗಲೇ.

ಮಳೆಗಾಲಕ್ಕೆ ಮುಂಚೆ ಅಕ್ಕ ನಲ್ಲಿಕಟ್ಟೆಯ ಮೇಲೆ ಬಿದ್ದಳು. ಮೈಯೆಲ್ಲ ಸೆಟೆದು ಅದುರಿತು, ನಾಲಿಗೆ ಕಚ್ಚಿ ರಕ್ತ ಬಂತು. ಕಾರ್ಖಾನೆಯಿಂದ ಬಂದ ಅವಳ ತಂದೆ ಯಾರನ್ನೂ ಕೇಳದೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಅವರು ಮೃದು ಮನುಷ್ಯ. ಮನೆಯಲ್ಲಿ ಅವರ ಮಾತು ನಡೆದದ್ದು ಅದೊಂದೇ ಸಲವೋ ಏನೋ... ಡಾಕ್ಟರು ಬಿಳಿ ಮಾತ್ರೆ ಕೊಟ್ಟು, ಒಂದು ಹೊತ್ತೂ ತಪ್ಪಿಸಬೇಡಿ ಎಂದು ಹೇಳಿ ಕಳಿಸಿದರಂತೆ.

ಮೊದಮೊದಲು ಅಕ್ಕ ಸದಾ ತೂಕಡಿಸುತ್ತಿದ್ದಳು. ಆಮೇಲೆ ಅದು ಕಡಿಮೆಯಾಯಿತು. ಕಣ್ಣು ನೆಡುವುದು ನಿಂತಿತು. ಅವಳು ಬೇರೆಯವಳೇನೂ ಆಗಲಿಲ್ಲ. ಮುಖ ನೋಡುತ್ತಿರಲಿಲ್ಲ, ಲೋಟ ಗೂಡಿನಲ್ಲೇ ಇರಬೇಕಿತ್ತು. ಆದರೆ ಹೆದರಿಕೆ ಹೋಯಿತು. ಮುಂದಿನ ಬೀದಿಯ ದರ್ಜಿ ಕೊಟ್ಟ ರವಿಕೆಗಳಿಗೆ ಹುಕ್ಕು ಹೊಲಿಯಲು ಕಲಿತಳು. ಒಂದು ಹುಕ್ಕಿಗೂ ಇನ್ನೊಂದಕ್ಕೂ ಅಂತರ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರುತ್ತಿರಲಿಲ್ಲ. ಸಂಜೆ ಮಳೆ ಬಿಟ್ಟರೆ ನನ್ನ ಜೊತೆ ರಾಗಿ ಹೊಲದ ಅಂಚಿನವರೆಗೂ ನಡೆದು ಬರುತ್ತಿದ್ದಳು. ಒಂದು ಸಂಜೆ ತಾನಾಗಿ ಹೇಳಿದಳು. "ಬೀದಿ ದೊಡ್ಡದಾಗೇ ಇದೆ."

ಬೀದಿಯ ಹೆಂಗಸರಿಗೆ ಇದರಿಂದ ನಷ್ಟವಾಯಿತು. ಗಂಟೆ ಬಾರಿಸಿದರೂ, ಹೊಗೆ ಹಿಡಿದರೂ ದೇವಿ ಬರಲಿಲ್ಲ.

"ಇಂಗ್ಲಿಷ್ ಔಷಧಿ ತಿಂದ್ರೆ ದೇವಿ ಎಲ್ಲಿ ನಿಲ್ತಾಳ್ರೀ?"

"ಮೊದಲಿನ ಹಾಗೆ ಹುಚ್ಚೀನೇ ಸಾಕು ಅಂದ್ರೆ ನಾವೇನು ಮಾಡಕ್ಕಾಗುತ್ತೆ ಬಿಡಿ."

ಅವರು ಬರುವುದನ್ನು ಕಡಿಮೆ ಮಾಡಿದರು. ನಲ್ಲಿಯ ಹತ್ತಿರ ಅಕ್ಕನ ತಾಯಿಗೆ ದಾರಿ ಬಿಡುವುದೂ ನಿಂತಿತು. ಶ್ರಾವಣದ ಕಡೇ ಶುಕ್ರವಾರ ಹತ್ತಿರ ಬಂತು. ಆ ದಿನವಾದರೂ ದೇವಿಯನ್ನು ಕರೆಸಲೇಬೇಕೆಂದು ನಾಲ್ಕು ಜನ ಹೋಗಿ ಹೇಳಿ ಬಂದರು. ಆ ನಾಲ್ವರಲ್ಲಿ ನನ್ನ ತಾಯಿಯೂ ಇದ್ದರು. ಅಕ್ಕನ ತಾಯಿ ಮಾತ್ರೆ ಕೊಡುವುದನ್ನು ನಿಲ್ಲಿಸಿದರು. ಗಂಡನಿಗೆ ಹೇಳಲಿಲ್ಲ. ಆ ವಾರ ಅವರಿಗೆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ, ಮಗಳು ಏಳುವ ಮುಂಚೆಯೇ ಹೋಗಿಬಿಡುತ್ತಿದ್ದರು.

ದಿನದ ಕ್ರಮ ಒಂದಿಷ್ಟು ತಪ್ಪಿದರೂ ಸಹಿಸದವಳು ಅಕ್ಕ. ಅವಳಿಗೆ ಮರೆತೀತೇ? ಬೆಳಿಗ್ಗೆ ಗಂಜಿಯಾದ ಮೇಲೆ ಕೈ ಚಾಚುತ್ತಿದ್ದಳು. ಅವಳ ಕೂಗು ನಮ್ಮ ಮನೆಗೆ ಕೇಳುತ್ತಿತ್ತು. ಗುರುವಾರ ಮಧ್ಯಾಹ್ನ ಅವಳೇ ನಮ್ಮ ಮನೆಗೆ ಬಂದಳು. ನನ್ನ ತಾಯಿ ಇನ್ನಿಬ್ಬರ ಜೊತೆ ಮರುದಿನದ ಪೂಜೆಗೆ ಅಕ್ಕಿ ಆರಿಸುತ್ತಿದ್ದರು. ಅಕ್ಕ ಬಾಗಿಲಲ್ಲಿ ನಿಂತು ಡಾಕ್ಟರ ದನಿಯಲ್ಲಿ ಹೇಳಿದಳು. "ಮಾತ್ರೆ ತಪ್ಪಿಸಬಾರದು. ತಪ್ಪಿಸಿದರೆ ಫಿಟ್ಸ್ ಜಾಸ್ತಿಯಾಗುತ್ತೆ. ತಿಳೀತಾ?" ಆಮೇಲೆ ತನ್ನ ದನಿಯಲ್ಲಿ ಹೇಳಿದಳು. "ನಂಗೆ ಮಾತ್ರೆ ಕೊಡಿಸಿ."

ಒಬ್ಬಾಕೆ ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟು ಕೈ ಮುಗಿದರು. "ದೇವಿ ಬಂದಿದಾಳೇನ್ರೀ?"

ನನ್ನ ತಾಯಿ ಎದ್ದು ಅಕ್ಕನ ಕಣ್ಣನ್ನು ಹತ್ತಿರದಿಂದ ನೋಡಿದರು. "ಇಲ್ಲ ಬಿಡಿ. ಕಣ್ಣು ಸರಿಯಾಗೇ ಇದೆ. ಇದು ಅವಳದೇ ಮಾತು."

ಮೂವರೂ ಮತ್ತೆ ಅಕ್ಕಿ ಆರಿಸತೊಡಗಿದರು.

ಪ್ರಜ್ಞೆಯಿಲ್ಲದಾಗ ಅವಳ ಬಾಯಿಂದ ಬಿದ್ದ ಕಂಡಕ್ಟರನ ಮಾತಿಗೆ ಕಣ್ಣೀರು ಹಾಕಿದವರು ಇವರು. ಪ್ರಜ್ಞೆಯಿದ್ದು, ನಡೆದು ಬಂದು, ತನ್ನ ಪ್ರಾಣಕ್ಕೆ ಏನು ಬೇಕೆಂದು ಅವಳು ಕೇಳಿದರೆ ಅದಕ್ಕೆ ಬೆಲೆಯಿಲ್ಲ, ಏಕೆಂದರೆ ಕೇಳಿದವಳು ಅವಳೇ. ಇದಕ್ಕಿಂತ ದೊಡ್ಡ ಅವಮಾನವನ್ನು ಒಂದು ಮನುಷ್ಯಜೀವಕ್ಕೆ ಹೇಗೆ ಮಾಡಬಹುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಅಕ್ಕನನ್ನು ಮನೆಗೆ ಕರೆದುಕೊಂಡು ಹೋಗಿ, ಮಾತ್ರೆ ಕೊಡಿ ಎಂದು ಅವಳ ತಾಯಿಗೆ ಹೇಳಿದೆ. ಅವರು ನೆಲ ಸಾರಿಸುತ್ತಿದ್ದರು. ಅವರೇನೂ ಸಿಟ್ಟಾಗಲಿಲ್ಲ.

"ನಾಳೆ ಒಂದಿನ ಕಳೀಲಿ ಕಣಮ್ಮ. ಎಲ್ಲಾರೂ ನಮ್ಮನೆಗೆ ಬರ್ತಾರೆ. ಶನಿವಾರ ಬೆಳಿಗ್ಗೇನೇ ಕೊಟ್ಬಿಡ್ತೀನಿ."

ಶುಕ್ರವಾರ ಗಂಟೆಯನ್ನು ಎರಡು ಸಲ ಬಾರಿಸುವಷ್ಟರಲ್ಲೇ ಅಕ್ಕ ಮಣೆಯಿಂದ ಉರುಳಿದಳು. ಮೈ ಸೆಟೆಯಿತು, ಅದುರಿತು, ನಿಂತಿತು. ಎಚ್ಚರವಾಗುವ ಮೊದಲೇ ಮತ್ತೆ ಸೆಟೆಯಿತು. ಮತ್ತೆ. ಹೆಂಗಸರು ಕೈ ಮುಗಿದು ನಿಂತಿದ್ದರು. ಯಾರೋ ಆರತಿ ಎತ್ತಿದರು. "ದೇವಿ ಉಗ್ರವಾಗಿದಾಳೆ, ಶಾಂತವಾಗು ತಾಯಿ," ಎನ್ನುತ್ತಿದ್ದರು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ನಾನು ಕೂಗಿದ್ದು ಗಂಟೆಯ ಸದ್ದಿನಲ್ಲಿ ಯಾರಿಗೆ ಕೇಳಿತೋ. ನನ್ನ ತಾಯಿ ನನ್ನ ರಟ್ಟೆ ಹಿಡಿದರು. ನಾನು ಬಿಡಿಸಿಕೊಂಡು ಕಾರ್ಖಾನೆಯ ಗೇಟಿನವರೆಗೆ ಓಡಿದೆ. ಕಾವಲುಗಾರ ಒಳಗೆ ಹೋಗಿ ಅವಳ ತಂದೆಯನ್ನು ಕರೆತಂದ. ಅವರ ಕೈಯಲ್ಲಿ ಗ್ರೀಸು ಹಾಗೇ ಇತ್ತು. ಆ ಕೈಯಲ್ಲೇ ಮಗಳನ್ನು ಎತ್ತಿ ಜಟಕಾದಲ್ಲಿ ಮಲಗಿಸಿಕೊಂಡರು. ದೊಡ್ಡಾಸ್ಪತ್ರೆಗೆ ಅದೆಷ್ಟು ದೂರವೆಂದು ನನಗೆ ಅಂದೇ ಗೊತ್ತಾದದ್ದು... ಸಂಜೆ ಅವರು ವಾಪಸು ಬಂದಾಗ ಅಕ್ಕನ ಮುಖದ ಮೇಲೂ ಹೊದಿಕೆ ಇತ್ತು.

ಒಂದು ದಿನವಾದರೂ ಈ ಬೀದಿ ತಲೆ ತಗ್ಗಿಸುತ್ತದೆ ಎಂದುಕೊಂಡಿದ್ದೆ. "ಶ್ರಾವಣ ಶುಕ್ರವಾರ, ಎಂಥ ಸಾವು ನೋಡ್ರೀ. ದೇವಿ ತನ್ನ ಹತ್ರಾನೇ ಕರೆಸ್ಕೊಂಡ್ಲು," ಎಂದರು. ವರ್ಷ ತುಂಬುವುದರೊಳಗೆ ನಲ್ಲಿಯ ಪಕ್ಕದಲ್ಲಿ ಒಂದು ಕಲ್ಲು ನಿಂತಿತು. ಕಲ್ಲಿಗೆ ಸೀರೆ ಉಡಿಸಿದರು, ಮೇಲೆ ತಗಡು ಹೊದಿಸಿದರು. ಬೇರೆ ಬ್ಲಾಕುಗಳಿಂದಲೂ ಜನ ಬರತೊಡಗಿದರು. ಅವಳ ತಂದೆ ಬೇರೆ ಊರಿಗೆ ಕೆಲಸ ಹುಡುಕಿಕೊಂಡು ಹೋದರು. ಹಬ್ಬಕ್ಕೂ ಬರುವುದಿಲ್ಲ.

ಈಗ ರಜೆಗೆ ಮನೆಗೆ ಬಂದಿದ್ದೇನೆ. ನಿನ್ನೆ ಶುಕ್ರವಾರ. ಬಸ್ಸಿಳಿದು ನಡೆದು ಬರುವಾಗ ಆ ಗುಡಿಯ ಮುಂದೆ ಅಕ್ಕನ ತಾಯಿ ಒಬ್ಬರೇ ಕೂತು ಹೂ ಕಟ್ಟುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿದೆ. ಇವರಿಗೆ ಹೇಳಬೇಕೆಂದು ವರ್ಷಗಳಿಂದ ಕಟುವಾದ ಮಾತುಗಳನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಒಂದೊಂದು ಪದವನ್ನೂ ತೂಗಿ ಇಟ್ಟಿದ್ದೆ.

"ಯಾವಾಗ ಬಂದ್ಯಮ್ಮ?" ಎಂದರು. "ದೇವಿ ಹತ್ರ ಏನಾದ್ರೂ ಕೇಳ್ಕೋಬೇಕಾ?"

"ಏನೂ ಇಲ್ಲ," ಎಂದೆ.

ಅವರು ಸುತ್ತ ನೋಡಿದರು. ಹತ್ತಿರದಲ್ಲಿ ಯಾರೂ ಇರಲಿಲ್ಲ. ದನಿ ತಗ್ಗಿಸಿ ಕೇಳಿದರು. "ಆ ಮಳೆಗಾಲ ಚೆನ್ನಾಗಿದ್ಲು, ಅಲ್ವಾ?"

ನಾನು ಕೈಚೀಲವನ್ನು ಕೆಳಗಿಟ್ಟೆ.

"ಚೆನ್ನಾಗಿದ್ಲು," ಎಂದೆ.

ಅವರು ಇನ್ನೇನೋ ಹೇಳುವವರಿದ್ದರು. ಅಷ್ಟರಲ್ಲಿ ತಟ್ಟೆ ಹಿಡಿದ ಹೆಂಗಸರ ಗುಂಪು ಬೀದಿಯ ತಿರುವಿನಲ್ಲಿ ಕಾಣಿಸಿತು. "ಬನ್ನೀ, ಮಂಗಳಾರತಿಗೆ ಹೊತ್ತಾಯ್ತು!" ಎಂಬ ಕೂಗು ಕೇಳಿತು. ಅವರು ಮಡಿಲಿನ ಹೂ ಕೊಡವಿ, ಸೆರಗು ಸರಿಮಾಡಿಕೊಂಡು ಎದ್ದು ಹೋದರು.

ಕೂಗಿದ್ದು ನನ್ನ ತಾಯಿ.