ಬೂರುಗದ ಮರದ ಕೆಳಗೆ ಅಪ್ಪನ ಬ್ಯಾಂಡು

ಮಕ್ಕಳೇ, ನಾನು ಚಿಕ್ಕವಳಿದ್ದಾಗ ಹೆದರಿಕೆ ಅಂದರೇನು ಎಂದೇ ಗೊತ್ತಿರಲಿಲ್ಲ ಅಂತ ನಿಮ್ಮ ಮುಂದೆ ಎಷ್ಟೋ ಸಲ ಜಂಬ ಕೊಚ್ಚಿಕೊಂಡಿದ್ದೇನೆ. ಶುದ್ಧ ಸುಳ್ಳು. ಕರಡಿಗೆ ಹೆದರುತ್ತಿರಲಿಲ್ಲ ಅನ್ನುವುದು ನಿಜ, ಯಾಕೆಂದರೆ ಕಾಡಿನ ನಡುವಿನ ದಾಂಡೇಲಿಯಲ್ಲಿ ಹುಟ್ಟಿಯೂ ನಾನು ಒಂದು ಕರಡಿಯನ್ನೂ ಹತ್ತಿರದಿಂದ ಕಂಡಿರಲಿಲ್ಲ. ಆದರೆ ಅಕ್ಕನ ಮದುವೆಯ ದಿನ ಹೆದರಿದ ಹಾಗೆ ಆಮೇಲೆ ಎಂದೂ ಹೆದರಿಲ್ಲ.

ಅಪ್ಪ ಕಾಗದದ ಕಾರ್ಖಾನೆಯಲ್ಲಿದ್ದರು. ಪಾಳಿ ಮುಗಿಸಿ ಬಂದವರೇ ಕೈಕಾಲು ತೊಳೆದು ಕ್ಲಾರಿನೆಟ್ ಹಿಡಿಯುತ್ತಿದ್ದರು. ಧಾರವಾಡದ ಕಡೆಯ ನಮ್ಮ ಹಳ್ಳಿಯ ಗುಡಿಯಲ್ಲಿ ಅವರ ಸೋದರಮಾವ ಶಹನಾಯಿ ನುಡಿಸುತ್ತಿದ್ದರಂತೆ. ಅವರ ಮುಂದೆ ಕೂತು, ಬೈಸಿಕೊಂಡು ಕಲಿತ ಅಪ್ಪ ದಾಂಡೇಲಿಗೆ ಬಂದ ಮೇಲೆ ಒಂದು ಮದುವೆ ಬ್ಯಾಂಡು ಕಟ್ಟಿದರು. ಕೆಂಪು ಉಣ್ಣೆಯ ಕೋಟು, ತೋಳಿನ ಮೇಲೆ ಜರಿಪಟ್ಟಿ. ಬೇಸಿಗೆಯ ಮದುವೆಗಳಲ್ಲಿ ಆ ಕೋಟಿನೊಳಗೆ ಅವರೆಲ್ಲ ಬೆಂದು ಹೋಗುತ್ತಿದ್ದರು, ಆದರೂ ಬಿಚ್ಚುತ್ತಿರಲಿಲ್ಲ.

ಬ್ಯಾಂಡಿನ ಹೆಮ್ಮೆ ಎಂದರೆ ಟ್ರಂಪೆಟ್ ಮಾಮಾ. ಕ್ಯಾಸಲ್‌ರಾಕಿನವರು, ರೈಲ್ವೆಯವರ ಮಗ, ಮನೆಯಲ್ಲಿ ಕೊಂಕಣಿ. ಚರ್ಚಿನ ಪಾದ್ರಿಗಳಿಂದ ಸ್ವರ ಓದುವುದನ್ನು ಕಲಿತಿದ್ದರು. ನಮ್ಮ ಬ್ಯಾಂಡಿನಲ್ಲಿ ಹಾಗೆ ಓದಿ ನುಡಿಸಬಲ್ಲವರು ಅವರೊಬ್ಬರೇ. ಅಕ್ಕನ ಮದುವೆಯ ವರ್ಷ, ಮಳೆಗಾಲ ಕಳೆದ ಮೇಲೆ ಗೋವೆಯ ದೊಡ್ಡ ಹೋಟೆಲೊಂದರ ವಾದ್ಯಮೇಳ ಸೇರಲು ಅವರಿಗೆ ಕರೆ ಬಂದಿತ್ತು. ತುಟಿಯನ್ನು ಅವರು ಕಾಪಾಡುತ್ತಿದ್ದ ಪರಿ ನೋಡಬೇಕಿತ್ತು! ಬಿಸಿ ಚಹಾ ಇಲ್ಲ, ಖಾರ ಇಲ್ಲ, ದಿನಾ ತುಪ್ಪ ಸವರಬೇಕು. ‘ಮದುಮಗಳಿಗಿಂತ ನಿಮ್ಮ ಸಿಂಗಾರನ ಹೆಚ್ಚಾತು ಮಾಮಾ’ ಎಂದು ಅಕ್ಕ ಕಾಡಿಸಿದರೆ, ‘ನನ್ನ ಅನ್ನ ಇರೂದು ಈ ತುಟಿ ಮ್ಯಾಲ, ತಂಗಿ’ ಎಂದು ನಗುತ್ತಿದ್ದರು.

ದೊಡ್ಡ ಡ್ರಮ್ಮು ಬಾರಿಸುತ್ತಿದ್ದ ಕಾಕಾ ಹಳಿಯಾಳದ ಕಡೆಯವರು. ಮೊದಲು ಕುಸ್ತಿ ಕಣದಲ್ಲಿ ಹಲಗೆ ಬಾರಿಸಿ ಪೈಲ್ವಾನರಿಗೆ ಹುರುಪು ತುಂಬುತ್ತಿದ್ದವರು. ಅಷ್ಟು ವರ್ಷ ಆ ಸದ್ದಿನ ಪಕ್ಕದಲ್ಲೇ ಇದ್ದು ಅವರ ಕಿವಿ ಮಂದವಾಗಿತ್ತು. ಅದನ್ನು ಮಾತ್ರ ಒಪ್ಪಿಕೊಳ್ಳುವ ಗಂಡಸಲ್ಲ. ಏನು ಹೇಳಿದರೂ ‘ಹೂಂರಿ ಮಾಸ್ತರ’ ಎಂದು ತಲೆಯಾಡಿಸುತ್ತಿದ್ದರು. ನುಡಿಸುವಾಗ ಅಪ್ಪನ ಕೈಯ ಮೇಲೇ ಅವರ ಕಣ್ಣು. ಅಪ್ಪ ಕ್ಲಾರಿನೆಟ್ಟನ್ನು ತಲೆಯ ಮೇಲೆತ್ತಿದರೆ ಹಾಡು ಮುಗಿಯಿತು ಎಂದರ್ಥ. ಆಗ ಕಾಕಾ ಮೈಯ ಬಲವನ್ನೆಲ್ಲ ಹಾಕಿ ಕೊನೆಯ ಪೆಟ್ಟು ಕೊಡುತ್ತಿದ್ದರು. ಅದು ಎದೆಯೊಳಗೇ ಬಡಿದ ಹಾಗೆ ಕೇಳುತ್ತಿತ್ತು.

ಅಕ್ಕನನ್ನು ಕೊಟ್ಟದ್ದು ಮುಂಡಗೋಡ ತಾಲೂಕಿಗೆ, ಅಲ್ಲಿನ ಇಂದೂರು ಗ್ರಾಮದ ಆಚೆಗಿನ ಒಂದು ಹಳ್ಳಿಗೆ. ಮದುವೆ ಗಂಡಿನ ಮನೆಯಲ್ಲಿ. ಲಾರಿಯಲ್ಲಿ ಹೋಗಿ ಊರ ಹೊರಗೆ ಇಳಿದೆವು. ಬೀಗರು ಚಾಪೆಯ ಕಮಾನು ಕಟ್ಟಿದ, ಹಿಂದೆ ಮುಂದೆ ಮಾತ್ರ ತೆರೆದ ಸವಾರಿ ಬಂಡಿ ತಂದಿದ್ದರು. ಅದರೊಳಗೆ ಅಕ್ಕ ಕೂತಳು, ಪಕ್ಕದಲ್ಲಿ ನಾನು. ಮುಂದೆ ಬ್ಯಾಂಡು, ಹಿಂದೆ ಅವ್ವ ಮತ್ತು ಉಳಿದ ನಂಟರು.

ಹೊರಡುವ ಮುಂಚೆ ಗಂಡಿನ ಅಜ್ಜ ಅಪ್ಪನ ಹತ್ತಿರ ಬಂದರು.

‘ಮಾಸ್ತರ, ದಾರ್ಯಾಗ ಒಂದು ಬೂರಗದ ಗಿಡ ಐತಿ. ಅದರ ತುಂಬ ಹೆಜ್ಜೇನು. ಅಲ್ಲಿ ಬಾಜಾ ಬಂದ್ ಮಾಡ್ರಿ. ನಮ್ಮೂರಾಗ ಯಾರದ ಮದವಿ ಇದ್ರೂ ಗಿಡ ದಾಟೂತನಕ ಸಪ್ಪಳ ಮಾಡಾಂಗಿಲ್ಲ. ಹ್ವಾದ ವರ್ಷ ಯಾರೋ ಪಟಾಕ್ಷಿ ಹಚ್ಚಿ, ಒಂದು ಎತ್ತು ನಿಂತಲ್ಲೇ ಸತ್ತೋತು.’

ಅಪ್ಪ ಎಲ್ಲರಿಗೂ ಹೇಳಿದರು. ಎಲ್ಲರೂ ಹೂಂ ಎಂದರು. ಡ್ರಮ್ಮಿನ ಕಾಕಾ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದರು.

ಎತ್ತುಗಳ ಕೊರಳ ಗೆಜ್ಜೆಸರ ಬಿಚ್ಚಿದರು. ಊದಿನಕಡ್ಡಿ ಆರಿಸಿದರು. ಬಳೆ ಸದ್ದಾಗಬಾರದೆಂದು ಹೆಂಗಸರು ಕೈಗೆ ಸೆರಗು ಸುತ್ತಿಕೊಂಡರು. ಅಳುವ ಕೂಸನ್ನು ಮೊಲೆಗೆ ಹಚ್ಚಿಕೊಂಡರು. ಇಷ್ಟೆಲ್ಲ ನೋಡಿ ನಾನು ಅಕ್ಕನಿಗೆ ಅಂಟಿಕೊಂಡು ಕೂತೆ. ಅಕ್ಕ ನನ್ನ ಕೈ ಹಿಡಿದಳು.

ಮರ ಇನ್ನೂ ದೂರವಿದೆ ಎಂದು ಬ್ಯಾಂಡು ಮೆಲ್ಲಗೆ ನುಡಿಸುತ್ತ ಹೊರಟಿತು. ದಾರಿ ಒಂದು ಕಡೆ ತಿರುಗಿದ್ದೇ ತಡ, ಮರ ಎದುರಿಗೇ ನಿಂತಿತ್ತು. ಅಪ್ಪ ಅಂದುಕೊಂಡದ್ದಕ್ಕಿಂತ ತೀರ ಹತ್ತಿರ. ಕೊಂಬೆ ಕೊಂಬೆಗೂ ಮೊರದಷ್ಟು ಅಗಲದ ಕಪ್ಪು ಜೇನುಹುಟ್ಟುಗಳು ಜೋತಿದ್ದವು. ಗಾಬರಿಯಲ್ಲಿ ಅಪ್ಪ ಊದುವುದನ್ನು ನಿಲ್ಲಿಸಿ, ಎಲ್ಲರೂ ಸುಮ್ಮನಾಗಲಿ ಎಂದು ಕೈ ಎತ್ತಿದರು. ಆ ಕೈಯಲ್ಲಿ ಕ್ಲಾರಿನೆಟ್ ಇತ್ತು.

ಕಾಕಾ ಅದನ್ನು ನೋಡಿದರು. ಹಾಡು ಮುಗಿಯಿತು ಎಂದುಕೊಂಡರು. ಬಲವೆಲ್ಲ ಹಾಕಿ ಬಾರಿಸಿಯೇ ಬಿಟ್ಟರು.

ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಹುಟ್ಟಿನ ಮೇಲೆ ಏನೋ ಹೊಳೆದು ಮೇಲಿಂದ ಕೆಳಗೆ ಹರಿಯಿತು, ಪಕ್ಕದ್ದರ ಮೇಲೂ ಹರಿಯಿತು. ನೋಡನೋಡುತ್ತಿದ್ದ ಹಾಗೆ ಹುಟ್ಟುಗಳು ಬಿಚ್ಚಿಕೊಂಡು ಗಾಳಿಗೆ ಬಂದವು. ಬಿಸಿಲು ಮಂಕಾಯಿತು.

‘ಎತ್ತು ಬಿಡ್ರೋ! ಮುಸಕ ಹಾಕ್ಕೋರ‍್ರಿ!’ ಎಂದು ಅಜ್ಜ ಕೂಗಿದರು. ಬಂಡಿ ಹೊಡೆಯುತ್ತಿದ್ದವನು ಎತ್ತುಗಳ ಕೊರಳ ಹಗ್ಗ ಕಿತ್ತ. ಅವು ಹೊಲದ ಕಡೆ ಓಡಿದವು, ಜನ ಬಂದ ದಾರಿಯಲ್ಲೇ ಹಿಂದಕ್ಕೆ ಓಡಿದರು. ನೊಗ ಕಟ್ಟಿದ್ದ ಮೂಕಿಮರ ನೆಲಕ್ಕೆ ಬಡಿದು ಬಂಡಿ ಮುಂದಕ್ಕೆ ವಾಲಿತು. ಒಳಗೆ ಅಕ್ಕ ಮತ್ತು ನಾನು, ಅಷ್ಟೇ. ಅಕ್ಕನ ಮುಡಿಯ ತುಂಬ ಮಲ್ಲಿಗೆ. ಆ ವಾಸನೆಗೇ ಅವು ಬರುತ್ತವೆ, ಅಕ್ಕ ಸಾಯುತ್ತಾಳೆ ಎಂದು ನನಗೆ ಅನ್ನಿಸಿತು.

ಆಗ ಬಂಡಿಯ ಮುಂಬಾಗಿಲಲ್ಲಿ ಟ್ರಂಪೆಟ್ ಮಾಮಾ ಕಾಣಿಸಿದರು. ಕೋಟು ಬಿಚ್ಚಿ ನಮ್ಮಿಬ್ಬರ ತಲೆಯ ಮೇಲೆ ಎಸೆದರು. ಅವರ ಹಿಂದೆಯೇ ಬಂದ ಅಪ್ಪ ತಮ್ಮ ಕೋಟನ್ನು ಆ ಬಾಗಿಲಿಗೆ ಪರದೆಯ ಹಾಗೆ ಹಿಡಿದರು. ಹಿಂಬಾಗಿಲು ಇನ್ನೂ ಬಯಲಾಗಿಯೇ ಇತ್ತು. ಅಷ್ಟರಲ್ಲಿ ಅಲ್ಲಿ ಕತ್ತಲಾಯಿತು. ಡ್ರಮ್ಮಿನ ಕಾಕಾ ತಮ್ಮ ಡ್ರಮ್ಮನ್ನು ಅಲ್ಲಿಗೆ ಒತ್ತಿ ಹಿಡಿದು, ಉಳಿದ ಸಂದಿಗೆ ಬೆನ್ನು ಕೊಟ್ಟು ನಿಂತಿದ್ದರು.

ಒಳಗೆ ಉಸಿರು ಕಟ್ಟುವ ಸೆಕೆ. ಕೋಟಿನ ಬೆವರು, ನುಸಿಗುಳಿಗೆಯ ನಾತ, ಅಕ್ಕನ ಮೈಯ ಅರಿಶಿನ. ಹೊರಗೆ ಕಿವಿ ತುಂಬುವ ಗುಂಯ್‌ಗುಡುವಿಕೆ. ಜೇನುಗಳು ಡ್ರಮ್ಮಿನ ಚರ್ಮಕ್ಕೆ ಬಂದು ಬಡಿಯುತ್ತಿದ್ದವು, ಟಪ್, ಟಪ್ ಎಂದು. ನನಗೆ ಆ ಸದ್ದೇ ಎಲ್ಲಕ್ಕಿಂತ ಭಯಂಕರ. ನಡುನಡುವೆ ಯಾರೋ ನರಳುತ್ತಿದ್ದರು. ಅಪ್ಪನೋ, ಮಾಮಾನೋ, ಕಾಕಾನೋ ತಿಳಿಯುತ್ತಿರಲಿಲ್ಲ. ತಿಳಿಯುವುದು ಬೇಡ ಎಂದು ನಾನು ಅಕ್ಕನ ತೊಡೆಯಲ್ಲಿ ಮುಖ ಹುದುಗಿಸಿದೆ.

ಊರವರು ಕಂಬಳಿ ಹೊದ್ದು ಹಸಿ ಸೊಪ್ಪಿನ ಹೊಗೆ ಹಾಕಿದ ಮೇಲೆ ಜೇನು ಚದುರಿತು. ಕೋಟು ಸರಿಸಿ ನೋಡಿದರೆ ಅಪ್ಪನ ಕಣ್ಣುಗಳು ಬಾತು ಮುಚ್ಚಿಹೋಗಿದ್ದವು. ಟ್ರಂಪೆಟ್ ಮಾಮಾನ ಬಾಯಿ ಗುರುತು ಸಿಗದ ಹಾಗೆ ಊದಿಕೊಂಡಿತ್ತು. ಕಾಕಾ ನೆಲದ ಮೇಲೆ ಕುಸಿದಿದ್ದರು, ಮಾತಿಲ್ಲ. ಮಾಮಾ ಮತ್ತು ಕಾಕಾರನ್ನು ಊರವರೊಬ್ಬರ ಜೀಪಿನಲ್ಲಿ ಹಾಕಿಕೊಂಡು ಮುಂಡಗೋಡದ ಆಸ್ಪತ್ರೆಗೆ ಓಡಿದರು; ಮಗಳ ಮದುವೆ ಎಂದು ಅಪ್ಪ ಹೋಗಲಿಲ್ಲ. ಅಕ್ಕನಿಗೆ ಒಂದೇ ಒಂದು ಮುಳ್ಳೂ ತಾಗಿರಲಿಲ್ಲ.

ಹಂದರದಲ್ಲಿ ಅಕ್ಷತೆಯ ಹೊತ್ತು ಸಮೀಪಿಸಿತು. ಅಕ್ಕ ಏಳಲೇ ಇಲ್ಲ.

‘ಅವರಿಬ್ಬರು ಜೀವಂತ ಬರೂತನಕ ನಾ ಅಕ್ಕಿಕಾಳು ಹಾಕಿಸ್ಕೊಳ್ಳಾಂಗಿಲ್ಲ’ ಎಂದಳು.

‘ಮುಹೂರ್ತ ತಪ್ಪತೈತಿ, ಮಗಳ’ ಎಂದು ಅವಳ ಅತ್ತೆ ಅಂಗಲಾಚಿದರು. ಇನ್ನು ಮದುವೆ ಮುರಿಯುತ್ತದೆ ಎಂದು ಅವ್ವ ಅಳತೊಡಗಿದರು. ಗಂಡಿನ ಅಜ್ಜ ತಲೆಯ ಪಟಗಾ ತೆಗೆದು ತೊಡೆಯ ಮೇಲಿಟ್ಟುಕೊಂಡು, ‘ಹುಡುಗಿ ಹೇಳೂದು ಖರೇ ಐತಿ. ಕಾಯೂಣು’ ಎಂದು ಅಲ್ಲೇ ಕೂತುಬಿಟ್ಟರು. ಅವರ ಸುತ್ತ ಉಳಿದವರೂ ಕೂತರು. ರಸ್ತೆಯಲ್ಲಿ ಯಾವ ಗಾಡಿಯ ಸದ್ದಾದರೂ ನಾನು ಹಂದರದಿಂದ ಹೊರಗೆ ಓಡಿ ನೋಡುತ್ತಿದ್ದೆ. ಬಿಸಿಲು ಇಳಿಯುವ ಹೊತ್ತಿಗೆ ಜೀಪು ಬಂತು. ಇಬ್ಬರೂ ಕೂತುಕೊಂಡೇ ಬಂದಿದ್ದರು. ಅಕ್ಕ ಓಡಿ ಹೋಗಿ ಕಾಕಾರ ಕಾಲು ಹಿಡಿದಳು. ಅವರು ಕೂಸಿನ ಹಾಗೆ ಅತ್ತರು. ಬಾಜಾ ಇಲ್ಲದೆಯೇ ಅಕ್ಕನ ಮೇಲೆ ಅಕ್ಷತೆ ಬಿತ್ತು.

ಟ್ರಂಪೆಟ್ ಮಾಮಾನ ತುಟಿಯಲ್ಲಿ ಮುಳ್ಳು ನಾಟಿದ ಕಡೆ ಕೀವಾಗಿ ಒಂದು ಗಂಟು ಉಳಿಯಿತು. ಮೇಲಿನ ಸ್ವರ ಮತ್ತೆ ಹತ್ತಲಿಲ್ಲ, ಗೋವೆಗೆ ಹೋಗಲಿಲ್ಲ. ಕ್ಯಾಸಲ್‌ರಾಕಿನಲ್ಲೇ ಇದ್ದು ಮಕ್ಕಳಿಗೆ ಪಾಠ ಹೇಳಿದರು. ಕಾಕಾರ ಮೇಲೆ ಅವರು ಒಂದು ದಿನವೂ ಸಿಟ್ಟಾದದ್ದನ್ನು ನಾನು ಕಾಣೆ. ಅವರ ಪರವಾಗಿ ನಾನೇ ಎಷ್ಟೋ ವರ್ಷ ಸಿಟ್ಟು ಮಾಡಿಕೊಂಡಿದ್ದೆ.

ಈಗ ನಿಮ್ಮದೂ ಒಂದು ಬ್ಯಾಂಡು ಇದೆ. ಕಿವಿಗೆ ಬಟ್ಟಲಿನಂಥ ಹೆಡ್‌ಫೋನು ಮುಚ್ಚಿಕೊಂಡು ನೀವು ನಿಮ್ಮ ಕೋಣೆಯಲ್ಲಿ ಗಿಟಾರು ನುಡಿಸುತ್ತೀರಿ. ಹಾಡುವವಳು ಬೆಳಗಾವಿಯಲ್ಲಿದ್ದಾಳೆ, ಕೀಬೋರ್ಡಿನವನು ಪಣಜಿಯಲ್ಲಿ. ಎಲ್ಲರೂ ಫೋನು ನೋಡಿಯೇ ಕಲಿತವರು, ಇನ್ನೂ ಒಬ್ಬರನ್ನೊಬ್ಬರು ಎದುರುಬದುರಾಗಿ ಕಂಡಿಲ್ಲವಂತೆ. ಹಾಡು ಚೆನ್ನಾಗಿದೆ, ಮುಖಸ್ತುತಿಗೆ ಹೇಳುತ್ತಿಲ್ಲ. ಡ್ರಮ್ಮು ಯಾರದು ಎಂದು ಕೇಳಿದರೆ, ‘ಅದು ಮಷಿನ್, ಅಜ್ಜಿ, ಒಂದು ಪೆಟ್ಟೂ ತಪ್ಪಂಗಿಲ್ಲ’ ಎಂದಿರಿ. ತಪ್ಪದಿದ್ದರೆ ಒಳ್ಳೆಯದೇ ಬಿಡಿ. ಆದರೆ ಮಕ್ಕಳೇ, ಅವತ್ತು ನಮ್ಮ ಬಂಡಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತವರು ಪೆಟ್ಟು ತಪ್ಪಿದ ಕಾಕಾ.