ಸತ್ತೆವ್ವ ಆರಿಸಿದ ಗಾಲಿ

ಅಂಕಲಗಿಯ ಮಾಲಿಂಗಪ್ಪ ತುಂಬಿದ ಹೊಳೆಯಲ್ಲಿ ಮುನ್ನೂರು ಕುರಿ ದಾಟಿಸಿ ಒಂದು ಮರಿಯನ್ನೂ ಕಳೆದುಕೊಳ್ಳದ ಗಂಡು. ಅವನ ಮಗ ಲಕ್ಕಪ್ಪ ಕುರಿ ಬಿಟ್ಟು, ಮೂಡಲಗಿ ಬಾಜೂದ ಬೆಲ್ಲದ ಗಾಣ ಸೇರಿದ. ಕುದಿಯುವ ಕಬ್ಬಿನ ಹಾಲಿನ ಸಪ್ಪಳ ಕೇಳಿಯೇ ಪಾಕದ ಹದ ಹೇಳುತ್ತಿದ್ದ.

ಅವನ ಮಗಳು ಸತ್ತೆವ್ವ. ಎರಡು ವರ್ಷದವಳಿದ್ದಾಗ ಪೋಲಿಯೊ ಅವಳ ಎರಡೂ ಕಾಲು ಒಣಗಿಸಿತು. ಲಕ್ಕಪ್ಪ ಒಂದು ಹಲಗೆಗೆ ನಾಲ್ಕು ಕಬ್ಬಿಣದ ಬೇರಿಂಗ್ ಗಾಲಿ ಬಡಿದು, ಮಗಳನ್ನು ಅದರ ಮೇಲೆ ಕೂರಿಸಿ, ಕೊಪ್ಪರಿಗೆಯ ಮಗ್ಗುಲಲ್ಲೇ ವಿದ್ಯೆ ಕೊಟ್ಟ. ಅವನು ತೀರಿದ ಮೇಲೆ ಹದ ನೋಡುವ ಜಾಗ ಅವಳದಾಯಿತು. ಇಪ್ಪತ್ತು ವರ್ಷ ಒಂದು ಕೊಪ್ಪರಿಗೆಯೂ ಕೆಡಲಿಲ್ಲ. ಹುಕ್ಕೇರಿ ಪೇಟೆಯ ತನಕ ಅವಳ ಬೆಲ್ಲಕ್ಕೆ ಹೆಸರು.

ಹೋದ ವರ್ಷ ಗಾಣದ ಮಾಲಕ ಗುರುಪಾದ ಮಣ್ಣಿನ ನೆಲ ಅಗೆಸಿ ನುಣ್ಣನೆಯ ಫರಸಿ ಕಲ್ಲು ಹಾಸಿಸಿದ. ಕಬ್ಬಿನ ಹಾಲು ಚೆಲ್ಲಿದರೆ ಅದು ಎಣ್ಣೆ ಸವರಿದಂತಾಗುತ್ತಿತ್ತು. ಕಬ್ಬಿಣದ ಗಾಲಿ ಜಾರಿ ಸತ್ತೆವ್ವ ಒಮ್ಮೆ ಕೊಪ್ಪರಿಗೆಯ ಕಟ್ಟೆಗೆ ಹೋಗಿ ಬಡಿದಳು.

“ಸತ್ತೆವ್ವಾ, ನೀ ಹೊರಗ ಕುಂದರ. ಅಲ್ಲಪ್ಪ ತಾಟಿನ್ಯಾಗ ಪಾಕ ತಂದು ತೋರಸ್ತಾನ,” ಎಂದ ಗುರುಪಾದ, ಒಲೆಗೆ ಉರಿ ಹಾಕುವ ಆಳು ಅಲ್ಲಪ್ಪನ ಕಡೆ ಕೈ ಮಾಡಿ.

“ತಾಟ ಹೊರಗ ಬರೂದ್ರಾಗ ಪಾಕ ಮಿಂಚಿ ಹೋಗಿರತೈತ್ರಿ ಸಾಹುಕಾರ್ರ. ನಾಕ ದಿನಾ ತಡೀರಿ, ಗಾಲಿ ಬದಲಸ್ತೇನಿ.”

ಗೋಕಾಕದ ಸೈಕಲ್ ಅಂಗಡಿಯ ಕೇದಾರಿ ಸ್ಕೇಟ್‌ಬೋರ್ಡಿನ ಗಾಲಿಗಳನ್ನು ಮುಂದೆ ಹರವಿದ. ಬೆಲ್ಲದ ಪೆಂಟೆ ಗಟ್ಟಿಯಿದೆಯೇ ಎಂದು ಪರೀಕ್ಷಿಸುವಂತೆ ಸತ್ತೆವ್ವ ಒಂದೊಂದಕ್ಕೂ ಹೆಬ್ಬೆರಳಿನ ಉಗುರು ಒತ್ತಿದಳು.

“ಯಕ್ಕಾ, ಅದೇನ ಬೆಲ್ಲ ಅಲ್ಲ! ಮೆತ್ತಗಿಂದು, ದೊಡ್ಡದು ತಗೋ. ಜಾರೂದಿಲ್ಲ.”

“ಮೆತ್ತಗಿನ ಬೆಲ್ಲಾ ತಗದು ಹೆಸರ ಕೆಡಿಸ್ಕೊಂಡಾಕಿ ನಾ ಅಲ್ಲೋ ತಮ್ಮಾ.”

ಉಗುರು ಇಳಿಯದ ಸಣ್ಣ, ಬಿಳಿ, ಗಟ್ಟಿ ಗಾಲಿಗಳನ್ನೇ ಹಾಕಿಸಿಕೊಂಡು ಬಂದಳು. ಅಂಗಳದ ಖಡಿ ಜಲ್ಲಿಯ ಮೇಲೆ ಅವು ಸೊಂಟ ಮುರಿಯುವಂತೆ ಕುಣಿದವು. ಒಳಗೆ ಹಸಿ ಫರಸಿಯ ಮೇಲೆ ಮತ್ತೆ ಜಾರಿದವು. ತಡೆದುಕೊಳ್ಳಲು ಹೋಗಿ ಅವಳು ಕೊಪ್ಪರಿಗೆಯ ಅಂಚು ಹಿಡಿದಳು, ಎಡಗೈ ಸುಟ್ಟಿತು. ಎಲ್ಲರೂ ಅವಳ ಕಡೆ ಓಡಿದಾಗ ಪಾಕ ಕಪ್ಪಾಯಿತು. ಅಂದು ಅವಳು ಅನ್ನ ಮುಟ್ಟಲಿಲ್ಲ.

ಬೆಲ್ಲಕ್ಕೆ ಗಟ್ಟಿತನವೇ ಗುಣ, ಗಾಲಿಗೆ ನೆಲ ಹಿಡಿಯುವುದು ಗುಣ. ಬಲ್ಲವಳೇ ಇಲ್ಲಿ ತಪ್ಪಿದ್ದಳು.

ಕೈಗೆ ಬಟ್ಟೆ ಸುತ್ತಿಕೊಂಡು ಮತ್ತೆ ಗೋಕಾಕಕ್ಕೆ ಹೋದಳು. “ನೀ ಗೆದ್ದಿ. ನಿನ್ನ ಮೆತ್ತಗಿನ್ವು ಹಾಕು,” ಎಂದಳು. ಕೇದಾರಿ ನಗದೆ ಗಾಲಿ ಬದಲಿಸಿದ. ಆ ದೊಡ್ಡ ಗಾಲಿಗಳು ಖಡಿಯನ್ನು ಸಲೀಸಾಗಿ ದಾಟಿದವು, ಫರಸಿಯನ್ನೂ ಹಿಡಿದವು. ಆದರೆ ಭಾರ, ಅಂಟು ಮೆತ್ತಿದರೆ ಇನ್ನೂ ಭಾರ. ಸುಟ್ಟ ಕೈಯಿಂದಲೇ ನೆಲ ಒತ್ತಿ ನೂಕಬೇಕು.

ಮರುದಿನ ಒಲೆ ಹೊತ್ತಿತು, ಕಬ್ಬಿನ ಹಾಲು ಕುದಿಯುವ ಸಪ್ಪಳ ಹೊರಗೂ ಕೇಳುತ್ತಿತ್ತು. ಬಾಗಿಲಲ್ಲೇ ಗುರುಪಾದ ಅಡ್ಡ ನಿಂತಿದ್ದ. “ಅಲ್ಲಪ್ಪಾ, ಆಕಿನ್ನ ಎತ್ತಿ ಒಳಗ ಕುಂದರಸು. ಇನ್ನೊಮ್ಮೆ ಬಿದ್ರ ನಾ ಏನ್ ಮಾಡ್ಲಿ?”

ಅಲ್ಲಪ್ಪ ಬಗ್ಗಿದ. ಸತ್ತೆವ್ವ ಅವನ ಕೈ ತಳ್ಳಿದಳು.

“ಮುಟ್ಟಬ್ಯಾಡ ಅಲ್ಲಪ್ಪಾ. ಇವತ್ತ ಎತ್ತಿ ಒಳಗ ಇಟ್ಟಾಂವ ನಾಳಿ ಎತ್ತಿ ಹೊರಗ ಇಡ್ತಾನ. ಬಿದ್ರ ನಾ ಬೀಳ್ತೇನಿ. ದಾರಿ ಬಿಡ್ರಿ ಸಾಹುಕಾರ್ರ, ಪಾಕ ಏರಾಕತ್ತೈತಿ.”